ಮುಟ್ಟು ನಿಂತ ಮೇಲೆ ಹೃದಯದ ಆರೈಕೆ: ಎಲ್ಲಿಂದ ಶುರು ಮಾಡುವುದು?

ನಮ್ಮ ದೇಶದಲ್ಲಿ ಹೆಚ್ಚಿನ ಹೆಂಗಸರಿಗೆ 46-47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ರಕ್ತನಾಳಗಳನ್ನು ಮೃದುವಾಗಿಟ್ಟಿದ್ದ ಈಸ್ಟ್ರೋಜೆನ್ ಇಳಿಯುತ್ತಿದ್ದಂತೆ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಏರುತ್ತದೆ, ಬೊಜ್ಜು ಹೊಟ್ಟೆಗೆ ಸೇರುತ್ತದೆ, ಬಿಪಿಯೂ ಹೆಚ್ಚತೊಡಗುತ್ತದೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು ನಮಗೆ ತಿಳಿಯುತ್ತದೆ; ಕೊಲೆಸ್ಟರಾಲ್, ಬಿಪಿ ಏರಿದ್ದು ತಿಳಿಯುವುದೇ ಇಲ್ಲ. ಗಂಡನ ಬಿಪಿ ಮಾತ್ರೆಯ ಹೆಸರು ಬಾಯಿಪಾಠವಿರುವ ಎಷ್ಟೋ ಗೃಹಿಣಿಯರಿಗೆ ತಮ್ಮ ಬಿಪಿ ಎಷ್ಟೆಂದು ಗೊತ್ತಿರುವುದಿಲ್ಲ.

ಹಂತ 1: ಹಳೆಯ ಸಂಗತಿ ಬರೆದಿಡಿ
ಬಸಿರಿನಲ್ಲಿ ಬಿಪಿ ಅಥವಾ ಸಕ್ಕರೆ ಏರಿತ್ತೇ? 45ಕ್ಕೆ ಮೊದಲೇ ಮುಟ್ಟು ನಿಂತಿತೇ? ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೇ? ತವರಿನಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತವಾಗಿತ್ತೇ? ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಡಾಕ್ಟರು ಕೇಳಲೆಂದು ಕಾಯದೆ ನೀವೇ ಹೇಳಿ.

ಹಂತ 2: ನಿಮ್ಮ ಅಂಕಿಗಳನ್ನು ತಿಳಿಯಿರಿ
ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಉಚಿತ. ಜೊತೆಗೆ ಕೊಲೆಸ್ಟರಾಲ್ ಅಳೆಯುವ ಲಿಪಿಡ್ ಪ್ರೊಫೈಲ್ ಮಾಡಿಸಿ.

ಮನೆಯಲ್ಲೇ ಬಿಪಿ ನೋಡುವವರು ಅವಸರ ಮಾಡಬೇಡಿ. ಮೆಟ್ಟಿಲು ಹತ್ತಿ ಬಂದೊಡನೆ, ಕಾಫಿ ಕುಡಿದೊಡನೆ ನೋಡಿದರೆ ಲೆಕ್ಕ ತಪ್ಪುತ್ತದೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿಟ್ಟು 5 ನಿಮಿಷ ಮಾತಾಡದೆ ಕೂರಿ. ಪಾದ ನೆಲಕ್ಕೆ ತಾಗಿರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದಿಡಿ. 120/80ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು. ಪದೇ ಪದೇ 140/90 ಮುಟ್ಟಿದರೆ ಚಿಕಿತ್ಸೆಯ ಮಾತಾಡಬೇಕು. ಸೊಂಟದ ಸುತ್ತಳತೆ 80 ಸೆಂ.ಮೀ. ದಾಟದಿರಲಿ.

ಹಂತ 3: ಅಡುಗೆಮನೆ
ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ ಉಪ್ಪು ಸಾಕು. ಸಾರಿಗೆ ಹಾಕುವುದಷ್ಟೇ ಅಲ್ಲ; ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಇದರಲ್ಲೇ ಸೇರಬೇಕು. ಅನ್ನ ಸ್ವಲ್ಪ ತಗ್ಗಿಸಿ ಹುರುಳಿ, ಹೆಸರುಕಾಳು, ಸೊಪ್ಪಿನ ಪಲ್ಯ ಹೆಚ್ಚಿಸಿ. ಕರಿದ ಎಣ್ಣೆಯನ್ನು ಮರುದಿನ ಮತ್ತೆ ಕಾಯಿಸುವ ಉಳಿತಾಯ ಬೇಡ.

ಹಂತ 4: ಬಿರುಸಿನ ನಡಿಗೆ
ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗದಲ್ಲಿ. ಮನೆಗೆಲಸವೇ ಸಾಕಲ್ಲವೇ ಎನ್ನುವವರಿದ್ದಾರೆ. ನಿಂತು ಚಪಾತಿ ಲಟ್ಟಿಸಿದರೆ ಕಾಲು ನೋಯುತ್ತದೆ, ಏದುಸಿರು ಬರುವುದಿಲ್ಲ. ವಾರಕ್ಕೆರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವಂಥ, ಸ್ನಾಯುಗಳಿಗೆ ಬಲ ಕೊಡುವ ಕಸರತ್ತೂ ಇರಲಿ.

ಹಂತ 5: ಹೊಗೆಸೊಪ್ಪು
ಎಲೆ ಅಡಿಕೆಯ ಜೊತೆಗಿನ ತುಣುಕು, ಹಲ್ಲಿಗೆ ತಿಕ್ಕುವ ಕಡ್ಡಿಪುಡಿ ಎರಡೂ ತಂಬಾಕೇ. ಬಿಡಿ.

ಹಂತ 6: ಮಾತ್ರೆಯ ವಿಚಾರ
ಬಿಪಿ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ, ಇಳಿದದ್ದು ಮಾತ್ರೆಯಿಂದಲೇ ಇರಬಹುದು. ಹಾರ್ಮೋನ್ ಚಿಕಿತ್ಸೆ ಮೈಬಿಸಿಗೆ ಒಳ್ಳೆಯ ಮದ್ದು. ಆದರೆ ಹೃದಯ ಕಾಯಲೆಂದೇ ಅದನ್ನು ತೆಗೆದುಕೊಳ್ಳುವಂತಿಲ್ಲ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂದ ಮೇಲೆ, ಅದು ಹೃದಯ ಕಾಯುತ್ತದೆಂಬ ನಂಬಿಕೆ ಬಿದ್ದುಹೋಯಿತು.

ಹಂತ 7: "ಗ್ಯಾಸ್ಟ್ರಿಕ್ ಇರಬೇಕು" ಅನ್ನುವ ಮುನ್ನ
ಹೆಂಗಸರಲ್ಲೂ ಹೃದಯಾಘಾತಕ್ಕೆ ಎದೆನೋವೇ ಮುಖ್ಯ ಲಕ್ಷಣ. ಆದರೆ ದವಡೆ, ಬೆನ್ನು, ತೋಳಿನ ನೋವು, ತಣ್ಣನೆಯ ಬೆವರು, ವಾಕರಿಕೆ, ಏದುಸಿರು, ಎಂದೂ ಇಲ್ಲದ ಸುಸ್ತು ಮಾತ್ರ ಕಾಣಿಸಬಹುದು. ಸೋಡಾ ಕುಡಿದು ಮಲಗಬೇಡಿ, 108ಕ್ಕೆ ಕರೆ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಇಸಿಜಿ ಸರಿಯಿದ್ದೂ ಸಂಕಟ ನಿಲ್ಲದಿದ್ದರೆ, ಸಂಕೋಚಪಡದೆ ಇನ್ನೊಮ್ಮೆ ತೆಗೆಯಲು ಕೇಳಿ.