ಒಂದು ಕೌದಿಗೆ ಒಂದು ಹೊಸ ಹೊಲಿಗೆ

ಹಳೆಯ ಹತ್ತಿಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಸೂಜಿಯು ಎಲ್ಲ ಪದರಗಳನ್ನೂ ದಾಟುವಂತೆ ಸಾಲುಸಾಲಾಗಿ ಹೊಲಿದು ಸಿದ್ಧಪಡಿಸುವ ಹೊದಿಕೆಯನ್ನು ಉತ್ತರ ಕರ್ನಾಟಕದಲ್ಲಿ ಕೌದಿ ಎಂದು ಕರೆಯುತ್ತಾರೆ. ಹಳೆಯ ಮೈಸೂರು ಸೀಮೆಯಲ್ಲಿ ಬೊಂತೆ ಎಂಬ ಹೆಸರೂ ಬಳಕೆಯಲ್ಲಿದೆ. ತುಮಕೂರು, ಗುಬ್ಬಿ, ಕುಣಿಗಲ್ ಊರುಗಳಲ್ಲಿ ರವಿಕೆ ಹೊಲಿಯಬಲ್ಲ, ಸೀರೆಗೆ ಫಾಲ್ ಹಚ್ಚಬಲ್ಲ, ಕುಚ್ಚು ಕಟ್ಟಬಲ್ಲ ಕೈಗಳಿಗೆ ಕೊರತೆಯಿಲ್ಲ. ಆದರೆ ಇದೇ ಕೈಗಳು ಹವ್ಯಾಸಕ್ಕೆಂದು ಕೌದಿಯನ್ನು ಎತ್ತಿಕೊಂಡಾಗ ಮೊದಲ ಹೊದಿಕೆಯಲ್ಲೇ ತ್ರಿಕೋನಗಳ ವಿನ್ಯಾಸ, ಹೂಬಳ್ಳಿಯ ಅಲಂಕಾರ, ಯಂತ್ರದ ಹೊಲಿಗೆ ಎಲ್ಲವನ್ನೂ ಒಟ್ಟಿಗೆ ಪ್ರಯತ್ನಿಸುವುದರಿಂದ, ಬಟ್ಟೆ ಸುಕ್ಕುಗಟ್ಟಿದಾಗ ತಪ್ಪು ಕತ್ತರಿಸುವಲ್ಲಿ ಆಯಿತೋ ಹೊಲಿಯುವಲ್ಲಿ ಆಯಿತೋ ತಿಳಿಯದೆ ಕೆಲಸ ಅರ್ಧಕ್ಕೇ ಅಟ್ಟ ಸೇರುತ್ತದೆ. ಒಂದು ಕೌದಿಯಲ್ಲಿ ಒಂದೇ ಹೊಸ ತಂತ್ರವನ್ನು ಸೇರಿಸಿಕೊಂಡು, ಉಳಿದುದನ್ನೆಲ್ಲ ಹಿಂದಿನ ಕೌದಿಯಲ್ಲಿ ಕೈಗೆ ಹತ್ತಿದ ರೀತಿಯಲ್ಲೇ ಮಾಡುವುದು ಈ ಕಸುಬನ್ನು ಕಲಿಯುವ ಸರಿಯಾದ ದಾರಿ.

ಕಲಿಕೆಗೆ ದೊಡ್ಡ ಅಳತೆ ಬೇಡ. ಅಗಲ 90, ಉದ್ದ 120 ಸೆಂ.ಮೀ. ಇರುವ ಮಗುವಿನ ಕೌದಿಯನ್ನು ಸಂಜೆಯ ಬಿಡುವಿನಲ್ಲಿ ಹೊಲಿದು ಮುಗಿಸಬಹುದು, ತೊಡೆಯ ಮೇಲೆ ಹಾಕಿಕೊಂಡು ತಿರುಗಿಸಬಹುದು. ಅಲ್ಲದೆ ಅದಕ್ಕೆ ಬೇಕಾದ ಬಟ್ಟೆ ಒಂದೇ ಸೀರೆಯಿಂದ ದೊರೆಯುತ್ತದೆ.

ಬಟ್ಟೆಯ ಪರೀಕ್ಷೆ

ಸುಮಾರು 5.5 ಮೀಟರ್ ಉದ್ದ, 1.15 ಮೀಟರ್ ಅಗಲವಿರುವ ಹತ್ತಿಯ ಸೀರೆಯನ್ನು 125 ಸೆಂ.ಮೀ.ಗೊಂದರಂತೆ ಅಡ್ಡಲಾಗಿ ಕತ್ತರಿಸಿದರೆ ನಾಲ್ಕು ತುಂಡುಗಳಾಗುತ್ತವೆ, ಅಗಲದಲ್ಲಿ ಹೆಚ್ಚಾದುದನ್ನು ಕತ್ತರಿಸಿ ತೆಗೆಯಬಹುದು. ಆದರೆ ಸೀರೆಯ ಎಲ್ಲ ಭಾಗಗಳೂ ಒಂದೇ ರೀತಿ ಸವೆದಿರುವುದಿಲ್ಲ: ಫಾಲ್ ಹಚ್ಚಿದ ಕೆಳಅಂಚು ಮತ್ತು ಕುಳಿತೇಳುವಾಗ ಉಜ್ಜುವ ಭಾಗ ಬೇಗ ಜಾಳಾಗುತ್ತವೆ, ಒಳಸುತ್ತಿಗೆ ಹೋಗುವ ತುದಿ ಬಣ್ಣವನ್ನೂ ಬಲವನ್ನೂ ಉಳಿಸಿಕೊಂಡಿರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಳೆ ವಿರಳವಾದ ಕಡೆ ಎರಡೂ ಹೆಬ್ಬೆರಳಿನಿಂದ ಮೆಲ್ಲನೆ ಎಳೆದು ನೋಡಿದಾಗ ಹರಿಯುವಂತಿದ್ದರೆ ಆ ತುಂಡನ್ನು ನಡುವಿನ ಪದರಕ್ಕೆ ಬಳಸಬೇಕೇ ಹೊರತು ಮೇಲಕ್ಕೆ ತರಬಾರದು. ತುಮಕೂರಿನ ಸುತ್ತ ಧನುರ್ಮಾಸದ ಬೆಳಗಿನಲ್ಲಿ ಮಂಜು ಕವಿದರೂ ಚಳಿ ಕಡುವಾದುದಲ್ಲ. ಮೂರು ಪದರ ಹತ್ತಿಬಟ್ಟೆಯೇ ಸಾಕಾಗುವುದರಿಂದ ನಡುವೆ ಅರಳೆ ತುಂಬುವ ಅಗತ್ಯವಿಲ್ಲ. ಹೆಚ್ಚು ಬೆಚ್ಚಗೆ ಬೇಕೆನ್ನುವವರಿಗೆ ಜಿಲ್ಲೆಯ ಶಿರಾ, ಚಿಕ್ಕನಾಯಕನಹಳ್ಳಿ ಕಡೆಯ ಕುರಿ ಉಣ್ಣೆಯ ಕಂಬಳಿ ಇದ್ದೇ ಇದೆ.

ಮೇಲುಪದರದ ಬಣ್ಣದ ತುಂಡುಗಳಿಗೆ ಹಣ ಕೊಡಬೇಕಾಗಿಲ್ಲ. ತುಮಕೂರಿನ ಎಂ.ಜಿ. ರಸ್ತೆ, ಚಿಕ್ಕಪೇಟೆಯ ಸುತ್ತಲಿನ ದರ್ಜಿ ಅಂಗಡಿಗಳಲ್ಲಾಗಲಿ, ಗುಬ್ಬಿ, ಕುಣಿಗಲ್ ಪೇಟೆಬೀದಿಗಳ ದರ್ಜಿಗಳಲ್ಲಾಗಲಿ ರವಿಕೆ ಕತ್ತರಿಸಿ ಉಳಿದ ಚೂರುಗಳು ದಿನವೂ ಸೇರುತ್ತವೆ. ಮೊದಲೇ ಕೇಳಿ, ಒಂದು ಚೀಲ ಕೊಟ್ಟು ಬಂದರೆ ಅವು ಕಸಕ್ಕೆ ಹೋಗುವುದು ತಪ್ಪುತ್ತದೆ. ಈ ಚೂರುಗಳಲ್ಲಿ ಹತ್ತಿಯೂ ಪಾಲಿಯೆಸ್ಟರೂ ಬೆರೆತಿರುವುದರಿಂದ ಪ್ರತಿ ಬಗೆಯಿಂದ ಎರಡು ಎಳೆ ಬಿಡಿಸಿ, ನೀರಿನ ತಟ್ಟೆಯ ಮೇಲೆ ಹಿಡಿದು ಸುಟ್ಟು ನೋಡಬೇಕು: ಹತ್ತಿಯು ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಗೆದಾಗ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಇಡೀ ಹೊದಿಕೆ ಮುದುಡುವುದರಿಂದ ಇವೆರಡನ್ನೂ ಒಂದೇ ಕೌದಿಯಲ್ಲಿ ಸೇರಿಸಬಾರದು. ರೇಷ್ಮೆಗೂ ಇದೇ ನಿಯಮ. ಹೊಸ ಚೂರುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಗಂಜಿ ತೆಗೆದು, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡಿ, ಒಣಗಿಸಿ ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಿಡಿಯಬೇಕು.

ಮೊದಲ ಕೌದಿ: ನೇರ ಸಾಲು

ಮೊದಲ ಕೌದಿಯಲ್ಲಿ ವಿನ್ಯಾಸವೇ ಬೇಡ. ಮೂರು ತುಂಡುಗಳನ್ನು ನೆಲದ ಮೇಲೆ ಒಂದರ ಮೇಲೊಂದು ಹಾಸಿ, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ, ಒಂದೊಂದು ಗೇಣಿನ ಅಂತರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ, ಅಂದರೆ ಕೊನೆಗೆ ಬಿಚ್ಚಿ ತೆಗೆಯುವ ತಾತ್ಕಾಲಿಕ ಹೊಲಿಗೆ, ಹಾಕಬೇಕು. ಪದರಗಳು ಜರುಗದಂತೆ ಹಿಡಿಯುವುದು ಇದೇ ಆದುದರಿಂದ ಇಲ್ಲಿ ಉಳಿಸಿದ ಸಮಯವನ್ನು ಮುಂದೆ ಸುಕ್ಕು ಬಿಡಿಸುವುದರಲ್ಲಿ ಎರಡರಷ್ಟು ಕೊಡಬೇಕಾಗುತ್ತದೆ. ನಾಲ್ಕೂ ಅಂಚುಗಳನ್ನು ಒಂದು ಸೆಂ.ಮೀ.ನಷ್ಟು ಒಳಕ್ಕೆ ಮಡಿಸಿ ಕಚ್ಚಾ ಹೊಲಿಗೆಯಿಂದ ಹಿಡಿಸಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ.

ಕೌದಿಯ ಹೊಲಿಗೆಯೆಂದರೆ ಸೂಜಿಯು ಮೇಲೆ ಕೆಳಗೆ ಹಾಯುತ್ತ ಮುಂದೆ ಸಾಗುವ ಸಾದಾ ಓಟದ ಹೊಲಿಗೆ. ಗೋಣಿಚೀಲ ಹೊಲಿಯುವ ದಬ್ಬಣ ಇದಕ್ಕೆ ದಪ್ಪವಾಗುತ್ತದೆ. ಉದ್ದವಾದ, ಕಣ್ಣು ಸ್ವಲ್ಪ ದೊಡ್ಡದಾದ ಕೈಹೊಲಿಗೆಯ ಸೂಜಿ ಸಾಕು. ನೂಲು ಹತ್ತಿಯದಾಗಿರಲಿ: ಬಟ್ಟೆಗಿಂತ ನೂಲೇ ಬಲವಾದರೆ ಎಳೆತ ಬಿದ್ದಾಗ ಹರಿಯುವುದು ಬಟ್ಟೆ, ಹರಿದ ನೂಲನ್ನಾದರೋ ಮತ್ತೆ ಹೊಲಿದುಕೊಳ್ಳಬಹುದು. ಒಂದೂವರೆ ಮೊಳಕ್ಕಿಂತ ಉದ್ದದ ನೂಲು ಗಂಟುಬೀಳುತ್ತದೆ, ಆದುದರಿಂದ ಅಷ್ಟನ್ನೇ ತೆಗೆದುಕೊಂಡು ಜೇನುಮೇಣದ ಮೇಲೆ ಒಮ್ಮೆ ಎಳೆದು ಬಳಸಬೇಕು. ಸೂಜಿಯ ತುದಿ ಕೆಳಗಿನ ಪದರವನ್ನು ದಾಟಿದ್ದು ಕೆಳಗೆ ಹಿಡಿದ ಎಡಗೈ ಬೆರಳಿಗೆ ತಾಕಿದೊಡನೆ ಅದನ್ನು ಮೇಲಕ್ಕೆ ತಿರುಗಿಸಿ, ಹೀಗೆ ಮೂರು ನಾಲ್ಕು ಹೊಲಿಗೆಗಳು ಸೂಜಿಯ ಮೇಲೆ ಕೂಡಿದ ಬಳಿಕ ಒಮ್ಮೆಗೆ ಎಳೆಯುವುದನ್ನು ಕೈ ಕಲಿಯಬೇಕು. ಒಂದೊಂದೇ ಹೊಲಿಗೆಯನ್ನು ಎಳೆಯುತ್ತ ಹೋದರೆ ಸಾಲು ಡೊಂಕಾಗುತ್ತದೆ, ಕೆಲಸವೂ ಸಾಗುವುದಿಲ್ಲ. ಹೊಲಿಗೆಯ ಉದ್ದ 4 ಮಿ.ಮೀ. ಆಸುಪಾಸು, ಸಾಲಿನಿಂದ ಸಾಲಿಗೆ ಬೆರಳಗಲದ ಅಂತರ ಇರಲಿ. ಎಳೆದ ನೂಲು ಬಟ್ಟೆಯನ್ನು ನೆರಿಗೆಗಟ್ಟಿಸಿದರೆ ಬೆರಳಿನಿಂದ ಸವರಿ ಸಡಿಲಿಸಬೇಕು. ಕೌದಿಯ ಬೆನ್ನುಭಾಗವನ್ನು ತಿರುವಿ ನೋಡುವುದೇ ಇಲ್ಲಿನ ಪರೀಕ್ಷೆ: ಮೇಲೆ ಕಂಡಷ್ಟೇ ಉದ್ದದ ಹೊಲಿಗೆ ಕೆಳಗೂ ಕಂಡರೆ ಎರಡನೆಯ ಕೌದಿಗೆ ಹೋಗಬಹುದು, ಇಲ್ಲದಿದ್ದರೆ ಇನ್ನೊಂದು ಸಾದಾ ಕೌದಿ ಹೊಲಿಯುವುದರಿಂದ ನಷ್ಟವೇನೂ ಇಲ್ಲ.

ಅಂಚಿನಿಂದ ನಡುವಿಗೆ

ಎರಡನೆಯ ಕೌದಿಗೆ ಗುರುವಾಗಬೇಕಾದವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಂಗಸರು. ಆಫ್ರಿಕಾ ಮೂಲದ ಈ ಸಮುದಾಯದವರು ಕವಂದಿ ಎಂದು ಕರೆಯುವ ಕೌದಿಗಳು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದ ಮೂಲಕ ಹೊರನಾಡಿಗೆ ಪರಿಚಯವಾಗಿ, 2011ರಲ್ಲಿ ನ್ಯೂಯಾರ್ಕ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಚೌಕಟ್ಟು, ಅಳತೆಪಟ್ಟಿ, ಮುಂಚೆಯೇ ಬರೆದ ನಕಾಶೆ ಯಾವುದೂ ಇಲ್ಲದೆ ಇಷ್ಟು ಸಮತೋಲನದ ಹೊದಿಕೆಯನ್ನು ಹೊಲಿಯುವ ಈ ಪದ್ಧತಿಗೆ ಕರ್ನಾಟಕದೊಳಗೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ಕ್ರಮ ಹೀಗಿದೆ. ಅಡಿಪದರವಾಗಿ ಒಂದು ಇಡೀ ಬಟ್ಟೆಯನ್ನು ಹಾಸಿ, ಅದರ ಒಂದು ಮೂಲೆಯಿಂದ ಆರಂಭಿಸಿ, ಅಂಚನ್ನು ಒಳಮಡಿಸಿಕೊಂಡು, ಅದರ ಮೇಲೆ ಬಣ್ಣದ ಚೂರನ್ನು ಅದರ ಅಂಚನ್ನೂ ಒಳಮಡಿಸಿ ಇಟ್ಟು, ಎರಡನ್ನೂ ಒಟ್ಟಿಗೆ ಹಿಡಿಸುವಂತೆ ಅಂಚಿನುದ್ದಕ್ಕೂ ಹೊಲಿಯುತ್ತ ಸಾಗಬೇಕು. ಚೂರು ಮುಗಿಯುವ ಮುನ್ನ ಮುಂದಿನ ಚೂರನ್ನು ಅದರ ತುದಿಯ ಮೇಲೆ ಸ್ವಲ್ಪ ಹತ್ತಿಸಿ ಇಡುತ್ತ ಹೋದರೆ ಮೊದಲ ಸುತ್ತು ಹೊರಟ ಮೂಲೆಗೇ ಬಂದು ಸೇರುತ್ತದೆ. ಅಲ್ಲಿ ನೂಲನ್ನು ಕಡಿಯದೆ ಬೆರಳಗಲ ಒಳಕ್ಕೆ ಸರಿದು ಎರಡನೆಯ ಸುತ್ತು, ಹಾಗೆಯೇ ಮೂರನೆಯದು, ಹೀಗೆ ಸಾಲುಗಳು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತವೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಮಾಡಿದ ಪುಟ್ಟ ಅಲಂಕಾರಗಳನ್ನು ಹೊಲಿಯುತ್ತಾರೆ. ಇವುಗಳಿಗೆ ಫುಲಾ, ಅಂದರೆ ಹೂವು, ಎಂದು ಹೆಸರು.

ಇಲ್ಲಿ ಒಂದು ಸಂಶಯ ಸಹಜವಾಗಿ ಬರುತ್ತದೆ. ಮೊದಲ ಕೌದಿಯಲ್ಲಿ ನಡುವಿನಿಂದ ಹೊರಕ್ಕೆ ಸವರಬೇಕೆಂದ ಮೇಲೆ ಇಲ್ಲಿ ಹೊರಗಿನಿಂದ ನಡುವಿಗೆ ಬಂದರೆ ಬಟ್ಟೆ ಉಬ್ಬುವುದಿಲ್ಲವೇ? ಉಬ್ಬುವುದಿಲ್ಲ, ಏಕೆಂದರೆ ಇಲ್ಲಿ ಮೇಲುಪದರ ಮೊದಲೇ ಸಿದ್ಧವಾಗಿರುವುದಿಲ್ಲ: ಚೂರುಗಳನ್ನು ಹೊಲಿಗೆ ಸಾಗಿದಂತೆ ಒಂದೊಂದಾಗಿ ಇಡುವುದರಿಂದ ಪ್ರತಿ ಹಂತದಲ್ಲೂ ಹೆಚ್ಚಾದ ಬಟ್ಟೆ ಮಡಿಕೆಯೊಳಗೆ ಸೇರಿಹೋಗುತ್ತದೆ. ಮೇಲುಪದರವನ್ನು ಇಡಿಯಾಗಿ ಜೋಡಿಸಿ ಹಾಸಿದ ಕೌದಿಗೆ ಇದೇ ಸುತ್ತುವರಿಕೆಯನ್ನು ಹಾಕಿದರೆ ಸಡಿಲವೆಲ್ಲ ನಡುವಿಗೆ ತಳ್ಳಲ್ಪಟ್ಟು ಗುಳ್ಳೆಯಾಗುವುದು ಖಂಡಿತ. ಈ ಕಾರಣವನ್ನು ಅರಿತವರಿಗೆ ಮುಂದಿನ ತಂತ್ರಗಳಲ್ಲಿ ಹೊಲಿಗೆಯನ್ನು ಎಲ್ಲಿಂದ ಆರಂಭಿಸಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಅಳೆದು ಜೋಡಿಸುವ ಚೌಕಗಳು

ಚೂರುಗಳನ್ನು ಒಂದೇ ಅಳತೆಗೆ ಕತ್ತರಿಸಿ, ಮೊದಲು ಒಂದಕ್ಕೊಂದು ಜೋಡಿಸಿ ಮೇಲುಪದರವನ್ನು ಸಿದ್ಧಪಡಿಸಿಕೊಂಡು, ಆಮೇಲೆ ಪದರಗಳ ಹೊಲಿಗೆಗೆ ಹೋಗುವುದು ಮೂರನೆಯ ಪಾಠ. ಇದರಲ್ಲಿ ಹೊಲಿಗೆಯ ಕಂತು, ಅಂದರೆ ಜೋಡಣೆಯ ಗೆರೆಯಾಚೆ ಒಳಕ್ಕೆ ಉಳಿಯುವ ಬಟ್ಟೆ, ಎಲ್ಲೆಡೆಯೂ ಒಂದೇ ಆಗಿರಬೇಕು. ಕಂತು 0.75 ಸೆಂ.ಮೀ. ಎಂದು ಇಟ್ಟುಕೊಂಡರೆ, ಹೊಲಿದ ಮೇಲೆ 10 ಸೆಂ.ಮೀ. ಉಳಿಯಬೇಕಾದ ಚೌಕವನ್ನು 11.5 ಸೆಂ.ಮೀ.ಗೆ ಕತ್ತರಿಸಬೇಕು, ಅಂತಹ ಚೌಕಗಳು ಅಡ್ಡಕ್ಕೆ 9, ಉದ್ದಕ್ಕೆ 12 ಸೇರಿದರೆ 90 ಮತ್ತು 120 ಸೆಂ.ಮೀ.ನ ಮೇಲುಪದರಕ್ಕೆ ಒಟ್ಟು 108 ತುಂಡುಗಳು ಬೇಕಾಗುತ್ತವೆ. ಪ್ರತಿ ಜೋಡಣೆಯಲ್ಲಿ ಎರಡು ಮಿ.ಮೀ. ಮಾತ್ರ ತಪ್ಪಿದರೂ ಅಡ್ಡಸಾಲಿನ ಎಂಟು ಜೋಡಣೆಗಳಲ್ಲಿ ಅದು ಒಂದೂವರೆ ಸೆಂ.ಮೀ. ಮೀರುವುದರಿಂದ, ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಟ್ಟುಕೊಂಡು ಎಲ್ಲ ತುಂಡುಗಳನ್ನೂ ಅದರಿಂದಲೇ ಗುರುತು ಹಾಕಬೇಕು. ಗುರುತು ಬಟ್ಟೆಯ ಹಾಸುಹೊಕ್ಕಿನ ಎಳೆಗಳಿಗೆ ನೇರವಾಗಿರಬೇಕು. ಓರೆಯಾಗಿ ಕತ್ತರಿಸಿದ ಚೌಕವು ಎಳೆದಂತೆ ಹಿಗ್ಗಿ ಆಕಾರ ಕೆಡುತ್ತದೆ.

ಚೌಕಗಳನ್ನು ಮೊದಲು ಸಾಲುಗಳಾಗಿ, ಬಳಿಕ ಸಾಲುಗಳನ್ನು ಒಂದಕ್ಕೊಂದು ಜೋಡಿಸುವಾಗ, ಒಂದು ಸಾಲಿನ ಕಂತುಗಳನ್ನೆಲ್ಲ ಎಡಕ್ಕೂ ಮುಂದಿನ ಸಾಲಿನವನ್ನು ಬಲಕ್ಕೂ ಇಸ್ತ್ರಿಯಿಂದ ಮಡಿಸಿಟ್ಟರೆ, ಎರಡು ಸಾಲು ಮುಖಾಮುಖಿಯಾದಾಗ ಕಂತುಗಳು ಒಂದಕ್ಕೊಂದು ತಗುಲಿಕೊಂಡು ಮೂಲೆಗಳು ಕರಾರುವಾಕ್ಕಾಗಿ ಕೂಡುತ್ತವೆ. ಅಳತೆಯನ್ನು ನಂಬುವವರಿಗೆ ಇದು ತುಂಬ ಸಂತೋಷ ಕೊಡುವ ಕೆಲಸ.

ನಾಲ್ಕನೆಯ ಕೌದಿಯಲ್ಲಿ ಇದೇ ಚೌಕ ಎರಡು ಬಣ್ಣದ ತ್ರಿಕೋನಗಳಾಗಬಹುದು. ತ್ರಿಕೋನಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದರೆ ಓರೆ ಅಂಚು ಹಿಗ್ಗುವ ತೊಂದರೆಯಿದೆ. ಆದುದರಿಂದ ಎರಡು ಬಣ್ಣಗಳ 13 ಸೆಂ.ಮೀ. ಚೌಕಗಳನ್ನು ಮುಖಾಮುಖಿಯಾಗಿ ಇಟ್ಟು, ಮೂಲೆಯಿಂದ ಮೂಲೆಗೆ ಕರ್ಣದ ಗೆರೆ ಎಳೆದು, ಗೆರೆಯ ಎರಡೂ ಬದಿಗೆ 0.75 ಸೆಂ.ಮೀ. ಬಿಟ್ಟು ಎರಡು ಹೊಲಿಗೆ ಹಾಕಿ, ಆಮೇಲೆ ಗೆರೆಯ ಮೇಲೆ ಕತ್ತರಿಸಬೇಕು. ಬಿಡಿಸಿದಾಗ ಎರಡು ಬಣ್ಣದ ಎರಡು ಚೌಕಗಳು ದೊರೆಯುತ್ತವೆ. ಅವನ್ನು ಇಸ್ತ್ರಿ ಮಾಡಿ 11.5 ಸೆಂ.ಮೀ.ಗೆ ಸರಿಪಡಿಸಿದರೆ ಹಿಂದಿನ ಚೌಕಗಳ ಜೊತೆ ಹೊಂದುತ್ತವೆ. ಇವನ್ನು ತಿರುಗಿಸಿ ತಿರುಗಿಸಿ ಇಡುವುದರಿಂದಲೇ ಗಾಳಿಪಟ, ಗರಗಸ, ಗಿರಗಿಟ್ಟಲೆ ಮೊದಲಾದ ವಿನ್ಯಾಸಗಳು ಹುಟ್ಟುತ್ತವೆ.

ಯಂತ್ರ ಮತ್ತು ಅಂಚು

ಜೋಡಣೆಗೆ ಮನೆಯ ಹೊಲಿಗೆ ಯಂತ್ರ ಧಾರಾಳವಾಗಿ ಸಾಕು. ಮೂರು ಪದರಗಳನ್ನೂ ಯಂತ್ರದಲ್ಲೇ ಹೊಲಿಯುವುದಾದರೆ 16ನೆಯ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು 3 ಮಿ.ಮೀ.ಗೆ ಹೆಚ್ಚಿಸಿ, ನಡುವಿನ ಸಾಲಿನಿಂದ ಆರಂಭಿಸಿ ಎರಡೂ ಬದಿಗೆ ಸಾಗಬೇಕು. ಯಂತ್ರದ ಹಲ್ಲುಗಳು ಕೆಳಪದರವನ್ನು ಬೇಗ ಮುಂದಕ್ಕೆ ಎಳೆಯುವುದರಿಂದ ಕಚ್ಚಾ ಹೊಲಿಗೆಯ ಜೊತೆಗೆ ಸೇಫ್ಟಿ ಪಿನ್ನುಗಳೂ ಬೇಕಾಗುತ್ತವೆ.

ಅಂಚುಪಟ್ಟಿಗೆ ದರ್ಜಿಗಳು ಕ್ರಾಸ್ ಪಟ್ಟಿ ಎನ್ನುವ, ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿಯೇ ಆಗಬೇಕೆಂಬ ನಂಬಿಕೆ ಇದೆ. ಮೂಲೆ ದುಂಡಾಗಿದ್ದರೆ ಮಾತ್ರ ಅದು ಅಗತ್ಯ. ನೇರ ಅಂಚಿಗೆ ನೇರ ಪಟ್ಟಿಯೇ ಗಟ್ಟಿ, ಬಟ್ಟೆಯೂ ಉಳಿಯುತ್ತದೆ. 90 ಮತ್ತು 120 ಸೆಂ.ಮೀ.ನ ಕೌದಿಯ ಸುತ್ತಳತೆ 420 ಸೆಂ.ಮೀ. ಆದುದರಿಂದ ಮೂಲೆ ಮತ್ತು ಜೋಡಣೆಗೆಂದು 30 ಸೆಂ.ಮೀ. ಸೇರಿಸಿ, 6 ಸೆಂ.ಮೀ. ಅಗಲದ ಪಟ್ಟಿಯನ್ನು ಸಿದ್ಧಪಡಿಸಿ, ಉದ್ದಕ್ಕೆ ಎರಡಾಗಿ ಮಡಿಸಿ, ಮೇಲ್ಮುಖಕ್ಕೆ ಯಂತ್ರದಲ್ಲಿ ಹಿಡಿಸಿ, ಹಿಂದಕ್ಕೆ ತಿರುಗಿಸಿ ಕೈಯಿಂದ ಹೆಮ್ಮಿಂಗ್ ಮಾಡಬೇಕು.

ಬಳಕೆ ಮತ್ತು ರಿಪೇರಿ

ಒದ್ದೆಯಾದ ಕೌದಿ ಬಹಳ ಭಾರ. ಒಂದೇ ಹಗ್ಗದ ಮೇಲೆ ನೇತುಹಾಕಿದರೆ ಭಾರವೆಲ್ಲ ಒಂದೇ ಸಾಲಿನ ಹೊಲಿಗೆಯ ಮೇಲೆ ಬಿದ್ದು ನೂಲು ಕಡಿಯುವುದರಿಂದ, ಹಿಂಡದೆ ನೀರು ಬಸಿದು, ಪಕ್ಕಪಕ್ಕದ ಎರಡು ಮೂರು ಹಗ್ಗಗಳ ಮೇಲೆ ಅಗಲವಾಗಿ ಹರಡಬೇಕು ಅಥವಾ ತಾರಸಿಯ ಮೋಟುಗೋಡೆಯ ಮೇಲೆ ಹಾಸಬೇಕು. ಮೇಲುಪದರ ಎಲ್ಲಿಯಾದರೂ ಸವೆದರೆ, ಅಂಚು ಒಳಮಡಿಸಿದ ಹೊಸ ಚೂರನ್ನು ಅದರ ಮೇಲಿಟ್ಟು ಎಲ್ಲ ಪದರಗಳೂ ಸೇರುವಂತೆ ಸುತ್ತುಸುತ್ತಾಗಿ ಹೊಲಿಯಬಹುದು. ಎರಡನೆಯ ಕೌದಿಯಲ್ಲಿ ಕಲಿತ ಕೆಲಸವೇ ಇಲ್ಲಿ ತೇಪೆಯಾಗಿ ಒದಗುತ್ತದೆ. ಮಾವಿನಕಾಯಿ, ಗಿಳಿ, ಎಲೆಯ ಆಕಾರಕ್ಕೆ ಕತ್ತರಿಸಿದ ಚೂರುಗಳನ್ನು ಹೀಗೆಯೇ ಹಚ್ಚುವುದನ್ನು ಬಯಸುವವರು ಅದನ್ನು ಐದನೆಯ ಕೌದಿಯ ಪಾಠವಾಗಿ ಇಟ್ಟುಕೊಳ್ಳಬಹುದು. ತೇಪೆಗೂ ಬಗ್ಗದಷ್ಟು ಜೀರ್ಣವಾದ ಕೌದಿಯನ್ನು ಚೆನ್ನಾಗಿ ಒಗೆದು ಒಣಗಿಸಿ, ಅಂಚುಪಟ್ಟಿಯನ್ನು ಮಾತ್ರ ಬಿಚ್ಚಿ, ಹೊಸ ಕೌದಿಯ ನಡುವಿನ ಪದರವಾಗಿ ಹಾಸಿಕೊಳ್ಳಬಹುದು. ಆಗ ದಪ್ಪ ಹೆಚ್ಚುವುದರಿಂದ ಸಾಲುಗಳ ಅಂತರವನ್ನು ಎರಡು ಬೆರಳಿಗೆ ಏರಿಸಬೇಕು, ಸೂಜಿಯನ್ನೂ ಸ್ವಲ್ಪ ದೊಡ್ಡದಾಗಿ ಆರಿಸಿಕೊಳ್ಳಬೇಕು.