ಎಂಜಿನ್ ಆಮೇಲೆ, ಮೊದಲು ಚಾಸಿ ನೋಡು

ನೋಡು ತಮ್ಮಾ, ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ದನಿಯಲ್ಲೇ ಗೊತ್ತಾಯಿತು, ನಿನ್ನ ಮನಸ್ಸು ಆಗಲೇ ಆ ಜೀಪಿನಲ್ಲಿ ಹತ್ತಿ ಕೂತಿದೆ ಅಂತ. "ಕಾಕಾ, ಸದಲಗಾದಾಗ ಒಂದು ಹಳೇ ಜೀಪ ಐತಿ. ಫೋರ್ ಬೈ ಫೋರ್. ಅರ್ಧ ಸೆಲ್ಫಿಗೆ ಚಾಲೂ ಆಗ್ತೈತಿ. ಪೂರಾ ಬಿಚ್ಚಿ ಹೊಸಾದು ಮಾಡಸ್ತೀನಿ" ಅಂದೆ. ಕಬ್ಬಿನ ಬಿಲ್ಲು ಬಂದಿದೆ, ಕೈಯಲ್ಲಿ ನಾಲ್ಕು ಕಾಸಿದೆ, ಹುರುಪೂ ಇದೆ. ನಾನು ಬೇಡ ಅನ್ನುವವನಲ್ಲ. ನಮ್ಮ ಮನೆಯಲ್ಲಿ 1988ರಿಂದ ಮಹೀಂದ್ರಾದ ಎಂಎಂ 540 ಜೀಪು ಇತ್ತು. ನಿನ್ನ ಅಜ್ಜಿಗೆ ಎದೆನೋವು ಬಂದ ರಾತ್ರಿ ಕಾಗವಾಡ ದಾಟಿ ಮಿರಜ್ ದವಾಖಾನೆಗೆ ಮುಟ್ಟಿಸಿದ್ದು ಅದೇ ಗಾಡಿ. ಅದನ್ನು ಮಾರಿದ ದಿನ ನಿನ್ನ ಅಪ್ಪ ಊಟ ಮಾಡಲಿಲ್ಲ. ಹೀಗಾಗಿ ನಿನ್ನ ಆಸೆ ನನಗೆ ತಿಳಿಯುತ್ತದೆ. ಆದರೆ ಸಂಚಕಾರ ಕೊಡುವ ಮೊದಲು ನನ್ನ ನಾಲ್ಕು ಮಾತು ಕೇಳು.

ಮೊದಲು ಯಾತಕ್ಕೆ ಬೇಕು ಅನ್ನುವುದನ್ನು ನಿನಗೆ ನೀನೇ ಹೇಳಿಕೊ. "ಹೊಲಕ್ಕ ಬೇಕು ಕಾಕಾ" ಅಂದೆ. ನಮ್ಮದು ಎರೆಹೊಲ. ಜುಲೈ ಮಳೆಯಲ್ಲಿ ಆ ಮಣ್ಣು ಟಾಯರಿನ ಗಟ್ಟುಗಳೊಳಗೆ ಮೆತ್ತಿಕೊಂಡಿತೆಂದರೆ ನಾಲ್ಕೂ ಗಾಲಿ ಎಳೆದರೂ ಜೀಪು ಕೂತಲ್ಲೇ ಕೂರುತ್ತದೆ. ಆಗ ಎಳೆಯಲಿಕ್ಕೆ ಟ್ರ್ಯಾಕ್ಟರೇ ಬರಬೇಕು, ಅದು ನಿನ್ನ ಮನೆಯಲ್ಲಿ ಇದ್ದೇ ಇದೆ. ಆಂಬೋಲಿ ಘಾಟಿಗೆ, ರಾಧಾನಗರಿ ಕಾಡಿನ ಕಡೆಗೆ ಗೆಳೆಯರ ಜೊತೆ ಹೋಗಬೇಕು, ಚಿಂಚಲಿ ಮಾಯಕ್ಕನ ಜಾತ್ರೆಗೆ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕು ಅಂತಿದ್ದರೆ ಹಾಗೇ ಹೇಳು. ಪ್ರೀತಿಗೆ ಒಂದು ವಸ್ತು ಕೊಳ್ಳುವುದು ತಪ್ಪಲ್ಲ. ದುಡಿಮೆಯ ನೆಪ ಹೇಳಿ ಕೊಂಡರೆ ಮಾತ್ರ, ಅದು ದುಡಿಯದ ದಿನ ಮನೆಯಲ್ಲಿ ಮಾತು ಬೆಳೆಯುತ್ತದೆ.

ಇನ್ನು ಗಾಡಿಯ ವಿಚಾರ. ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನೀನು ಮೊದಲು ನೆಲಕ್ಕೆ ಗೋಣಿತಟ್ಟು ಹಾಸಿ ಅಡಿಗೆ ಮಲಗು. ಇದು ನಾನು ದುಡ್ಡು ಕಳೆದುಕೊಂಡು ಕಲಿತದ್ದು. 2005ರ ಮಹಾಪೂರದ ಮರುವರ್ಷ ಹೊಳೆದಂಡೆಯ ಊರೊಂದರಲ್ಲಿ ಒಂದು ಜೀಪು ಅಗ್ಗಕ್ಕೆ ಸಿಕ್ಕಿತು. 65,000 ರೂಪಾಯಿ. ಹೊಸ ಬಣ್ಣ, ಹೊಸ ಟಪ್ಪು, ಕೂಗು ಇಲ್ಲದ ಎಂಜಿನ್. ಆರು ತಿಂಗಳಲ್ಲಿ ಹಿಂದಿನ ಹೌಸಿಂಗ್ ಕಿರುಗುಟ್ಟಿತು. ಡ್ರೇನ್ ನಟ್ ಬಿಚ್ಚಿದರೆ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಸುರಿಯಿತು. ಮಿಸ್ತ್ರಿ ಒಂದು ಸೈಕಲ್ ಸ್ಪೋಕ್ ತಗೊಂಡು ಚಾಸಿಯ ತೂತಿನೊಳಗೆ ಹಾಕಿ ಕೆದರಿದ. ಒಣಗಿದ ಹೊಳೆಮಣ್ಣು ಪುಡಿಪುಡಿಯಾಗಿ ಉದುರಿತು, ಅದರ ಜೊತೆ ಕಬ್ಬಿನ ರವದಿಯ ಒಂದು ಚೂರು. ಆ ಗಾಡಿ ಎಷ್ಟೋ ದಿನ ಕೃಷ್ಣೆಯ ನೀರಿನಲ್ಲಿ ಮುಳುಗಿ ನಿಂತಿತ್ತು. ಹೊರಗೆ ಬಣ್ಣ ಬಳಿದಿದ್ದರು, ಒಳಗೆ ಕಬ್ಬಿಣ ಹಾಳೆಹಾಳೆಯಾಗಿ ಬಿಡುತ್ತಿತ್ತು. ಮೇಲೆ ಮತ್ತೆ 90,000 ಸುರಿದು, ಕೊನೆಗೆ ಗುಜರಿಗೆ ಹಾಕಿದೆ.

ಆಮೇಲೆ 2019ರ ಆಗಸ್ಟ್ ಬಂತು, 2021ರ ಜುಲೈ ಬಂತು. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ತುಂಬಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕಿನ ಹೊಳೆಸಾಲಿನ ಊರು ನೀರಾದವು. ನೀನು ನೋಡಿದ ಗಾಡಿ ದೂಧಗಂಗೆಯ ದಂಡೆಯ ಊರಿನದು. ಮುಳುಗಿದೆ ಅಂತ ನಾನು ಹೇಳುತ್ತಿಲ್ಲ, ಆದರೆ ಕೇಳಲೇಬೇಕು. ಮಾಲಕರನ್ನಷ್ಟೇ ಕೇಳಿದರೆ ಸಾಲದು, ಅಕ್ಕಪಕ್ಕದ ಮನೆಯವರನ್ನೂ ಕೇಳು. ಆ ಎರಡು ವರ್ಷ ನೀರು ಎಲ್ಲಿಯ ತನಕ ಬಂದಿತ್ತು, ಜೀಪು ಎಲ್ಲಿ ನಿಂತಿತ್ತು ಅನ್ನುವುದು ಓಣಿಯವರಿಗೆ ನೆನಪಿರುತ್ತದೆ. ಆಮೇಲೆ ಸಣ್ಣ ಸುತ್ತಿಗೆ ತಗೊಂಡು ಚಾಸಿಯ ಉದ್ದಕ್ಕೂ ತಟ್ಟು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ತಿಂದಲ್ಲಿ ಡಬ್ ಅನ್ನುತ್ತದೆ. ಪಾಟಾ ಕೂರುವ ಜಾಗ, ಹಿಂದಿನ ಅಡ್ಡಪಟ್ಟಿ, ಬಾಡಿ ಬೋಲ್ಟುಗಳ ಸುತ್ತ ತಡಮಾಡಿ ತಟ್ಟು. ಹಿಂದೆ ಯೂರಿಯಾ, ಪೊಟ್ಯಾಷ್ ಚೀಲ ಹೊತ್ತ ಗಾಡಿಯಾದರೆ ಹಿಂಬದಿಯ ತಗಡು ಜರಡಿಯಾಗಿರುತ್ತದೆ. ತಗಡಿಗೆ ಹೆದರಬೇಡ, ಬಾಡಿ ಹೊಸದು ಸಿಗುತ್ತದೆ. ಚಾಸಿ ಹಾಗಲ್ಲ, ಅದರ ಮೇಲೆ ಹೊಡೆದ ನಂಬರೇ ಆ ಗಾಡಿಯ ಹೆಸರು.

ಬಾಡಿಗೆಗೆ ಜನ ತುಂಬಿ ವಡಾಪ್ ಹೊಡೆದ ಗಾಡಿಯೋ ನೋಡು. ಅಥಣಿ, ಕಾಗವಾಡ, ಮಿರಜ್ ದಾರಿಯಲ್ಲಿ ಒಂದೊಂದು ಜೀಪಿಗೆ ಇಪ್ಪತ್ತು ಜನ ಜೋತುಬಿದ್ದು ಹೋಗುತ್ತಿದ್ದ ಕಾಲ ನಾನು ಕಂಡಿದ್ದೇನೆ. ಅಂಥ ಗಾಡಿಯ ಚಾಸಿ ನಡುವಿನಲ್ಲಿ ತುಸು ಬಾಗಿರುತ್ತದೆ, ಬಿರುಕಿಗೆ ವೆಲ್ಡಿಂಗ್ ತೇಪೆ ಹಾಕಿರುತ್ತಾರೆ. ಎರಡೂ ಬದಿಗೆ ದಾರ ಎಳೆದು ನೋಡಿದರೆ ತಿಳಿಯುತ್ತದೆ. ಇನ್ನೊಂದು ಮಾತು, ಯಾವನೋ ಮಿಸ್ತ್ರಿ "ಉದ್ದನ್ ಕಮಾಂಡರ್ ಜೀಪ ತಗೋರಿ, ಚಾಸಿ ಕಡದು ಗಿಡ್ಡ ಮಾಡಿ ಕೊಡ್ತೀನಿ" ಅಂದನಂತಲ್ಲ, ಆ ಮಾತನ್ನು ಅಲ್ಲೇ ಬಿಟ್ಟುಬಿಡು. ಕಡಿದು ಬೆಸೆದ ಚಾಸಿಯ ಮೇಲೆ ನಿನ್ನ ಹೆಂಡತಿ ಮಕ್ಕಳು ಕೂರುವುದು ನನಗೆ ಬೇಡ. ಕಾನೂನಿಗೂ ಬೇಡ. ಕಂಪನಿ ತಯಾರಿಸಿದ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಎಂಜಿನ್ ಕೆಟ್ಟಿದ್ದರೆ ನನಗೆ ಸಮಾಧಾನವೇ. ಬೆಲೆ ಇಳಿಯುತ್ತದೆ, ಕೆಲಸ ಮಾತ್ರ ಗೊತ್ತಿರುವಂಥದು. ನಮ್ಮ ಎಂಎಂ 540ರಲ್ಲಿ ಇದ್ದದ್ದು ಫ್ರಾನ್ಸಿನ ಪ್ಯೂಜೊ ಕಂಪನಿಯ ಪರವಾನಗಿಯಲ್ಲಿ ಮಹೀಂದ್ರಾದವರು ತಯಾರಿಸಿದ ಎಕ್ಸ್‌ಡಿಪಿ 4.90, 2112 ಸಿಸಿ ಡೀಸೆಲ್. ಕೊಲ್ಲಾಪುರದ ಉದ್ಯಮನಗರಕ್ಕೋ ಬೆಳಗಾವಿಯ ಉದ್ಯಮಬಾಗಕ್ಕೋ ಒಯ್ದರೆ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಕೊಡುವ ಕೈಗಳು ಇವತ್ತಿಗೂ ಇವೆ. ಎಂಜಿನ್ ಚಾಲೂ ಇದ್ದಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡು. ಭುಸುಭುಸು ಹೊಗೆ ಎದ್ದರೆ ರಿಂಗು, ಲೈನರ್ ಸವೆದಿವೆ ಅಂತ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಮುರಿ.

"ಫೋರ್ ಬೈ ಫೋರ್" ಅಂತ ಬಾಯಲ್ಲಿ ಹೇಳಿದ್ದನ್ನು ನಂಬಬೇಡ. ಮುಂದಿನ ಎಕ್ಸಲ್ಲಿನಲ್ಲಿ ಹಿಂದಿನ ಹಾಗೇ ಗುಂಡನೆಯ ಹೌಸಿಂಗ್ ಇದೆಯೇ, ಅದಕ್ಕೆ ಶಾಫ್ಟು ಜೋಡಿಸಿದೆಯೇ ನೋಡು. ನಮ್ಮ ಕಡೆ ಓಡಾಡಿದ ಜೀಪುಗಳಲ್ಲಿ ಎಷ್ಟೋ ಎರಡೇ ಗಾಲಿ ಎಳೆಯುವಂಥವು. ಲಿವರ್ ಇದ್ದ ಮಾತ್ರಕ್ಕೆ ಆಗಲಿಲ್ಲ. ಹಸಿ ಮಣ್ಣಿನಲ್ಲಿ ಹಾಕಿಸಿ, ಮುಂದಿನ ಗಾಲಿ ಎಳೆಯುವುದನ್ನು ಕಣ್ಣಾರೆ ನೋಡು. "ಇದು ಯುದ್ಧಕಾಲದ ವಿಲ್ಲಿಸ್" ಅಂತ ಯಾರಾದರೂ ಗಿಡ್ಡ ಬಾನೆಟ್ಟಿನದು ತೋರಿಸಿದರೆ ಇನ್ನಷ್ಟು ಹುಷಾರು. ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೋಡಿಸಲು ಶುರುಮಾಡಿ, ಆಮೇಲೆ ಬಹಳ ಕಾಲ ತಯಾರಿಸಿದ್ದು ಎತ್ತರ ಬಾನೆಟ್ಟಿನ ಸಿಜೆ 3ಬಿ. ಹರಿಯಾಣದ ಮಂಡಿ ಡಬವಾಲಿಯಂಥ ಕಡೆ ಹೊಸ ತಗಡಿನಲ್ಲಿ ಹಳೇ ಮಾದರಿಯ ಜೀಪು ಕಟ್ಟುತ್ತಾರೆ. ನೋಡಲು ಚಂದ, ಕಾಗದ ಬೇರೆ ಯಾವುದೋ ಗಾಡಿಯದು.

ಕಾಗದದ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಮ್ಮ ಗಡಿಯಲ್ಲಿ ಅರ್ಧ ಗಾಡಿಗಳು ಕೊಲ್ಲಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10 ನಂಬರಿನವು. ಅಂಥದಾದರೆ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ ತಂದು, ಇಲ್ಲಿ ತೆರಿಗೆ ತುಂಬಿ, ಕೆಎ 23 ಮಾಡಿಸಿಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಡಕು, ಆರ್‌ಸಿಯಲ್ಲಿ ಯಾರ ಹೆಸರಿದೆ ಅನ್ನುವುದು. ಸಹಿ ಮಾಡಿದ ಫಾರ್ಮಿನ ಮೇಲೆಯೇ ನಾಲ್ಕು ಕೈ ದಾಟಿ ಬಂದ ಜೀಪುಗಳು ಬೇಕಾದಷ್ಟಿವೆ. ಮೂಲ ಮಾಲಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರ್ಮ್ 31ರ ಮೇಲೆ ತಮ್ಮ ಹೆಸರಿಗೆ ಮಾಡಿಕೊಂಡು, ಆಮೇಲೆ ನಿನಗೆ ಕೊಡಬೇಕು. ಅಣ್ಣತಮ್ಮಂದಿರ ವಾಟ್ನಿ ಜಗಳದಲ್ಲಿ ನಿನ್ನ ಜೀಪು ಸಿಕ್ಕಿಹಾಕಿಕೊಳ್ಳಬಾರದು. ಪೆನ್ಸಿಲ್ಲಿನಿಂದ ಚಾಸಿ ನಂಬರಿನ ಛಾಪು ತೆಗೆದು ಆರ್‌ಸಿಗೆ ಹೋಲಿಸಿ ನೋಡು. ಒಂದು ಅಂಕಿ ತಪ್ಪಿದರೂ ಚಹಾ ಕುಡಿದು ಎದ್ದು ಬಾ.

15 ವರ್ಷ ದಾಟಿತು ಅಂದರೆ ಸರಕಾರ ಕಸಿದುಕೊಳ್ಳುತ್ತದೆ ಅಂತ ಊರಲ್ಲಿ ಹೇಳುವುದು ಸುಳ್ಳು. ಖಾಸಗಿ ಗಾಡಿ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ಹೊಸದಾಗುತ್ತದೆ. ಆದರೆ ಅದಕ್ಕೆ ಶುಲ್ಕ 2022ರ ಏಪ್ರಿಲ್‌ನಿಂದ 5,000, ಗಾಡಿಗೆ 20 ವರ್ಷ ದಾಟಿದ್ದರೆ 2025ರಿಂದ 10,000. ಮುಗಿದ ಮೇಲೆ ತಡಮಾಡಿದ ಪ್ರತಿ ತಿಂಗಳಿಗೆ 500 ಬೇರೆ. ಇದರ ಮೇಲೆ ಹಸಿರು ತೆರಿಗೆ. ಶೆಡ್ಡಿನಲ್ಲಿ ಎಷ್ಟು ವರ್ಷ ನಿಂತಿದೆಯೋ ಅದರ ಲೆಕ್ಕವನ್ನು ಚಿಕ್ಕೋಡಿ ಆರ್‌ಟಿಓದಲ್ಲಿ ಮೊದಲೇ ಕೇಳಿಕೊಂಡು ಬಾ. ಕಚೇರಿಗಳ ಹಿಂದೆ ನಿಂತ ಸರಕಾರಿ ಜೀಪುಗಳ ಆಸೆ ಬಿಡು. 15 ವರ್ಷ ದಾಟಿದ ಸರಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್ 1ರಿಂದ ಮುಂದುವರಿಯುವುದಿಲ್ಲ, ಅವು ಗುಜರಿಗೇ ಹೋಗುತ್ತವೆ.

ದುಡ್ಡಿನ ಬಗ್ಗೆ ಒಂದೇ ಮಾತು. ಗಾಡಿಗೆ ಎಷ್ಟು ಕೊಡುತ್ತೀಯೋ ಅಷ್ಟೇ ದುಡ್ಡನ್ನು ಅದೇ ದಿನ ಬೇರೆ ಎತ್ತಿಡು. ಮುಂದಿನ ಕಬ್ಬಿನ ಬಿಲ್ಲನ್ನು ನಂಬಿ ಗಾಡಿ ಬಿಚ್ಚಬೇಡ. ಬಿಲ್ಲು ತಡವಾದ ವರ್ಷ ಬಿಚ್ಚಿದ ಜೀಪು ಗ್ಯಾರೇಜಿನ ಮೂಲೆಯಲ್ಲಿ ಮಳೆ ತಿನ್ನುತ್ತದೆ, ಡಬ್ಬಿಯಲ್ಲಿಟ್ಟ ನಟ್ಟು ಬೋಲ್ಟು ಕಳೆಯುತ್ತವೆ. ಮೊದಲು ಬ್ರೇಕು, ಸ್ಟೇರಿಂಗು, ಗಾಲಿ ಮಾಡಿಸಿ ಓಡಿಸುತ್ತಿರು. ಬಣ್ಣ ಕೊನೆಗೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಿಗೆ ಬಾ, ನಾನೂ ಬರುತ್ತೇನೆ. ಸುತ್ತಿಗೆ, ಸ್ಪೋಕು, ದಾರ ನಾನು ತರುತ್ತೇನೆ, ಟಾರ್ಚು ನೀನು ತಾ. ಶನಿವಾರ ರಾತ್ರಿ ಮಾಲಕರಿಗೆ ಫೋನ್ ಹಚ್ಚಿ, ನಾವು ಬರುವ ತನಕ ಗಾಡಿ ಚಾಲೂ ಮಾಡಬೇಡ್ರಿ ಅಂತ ಹೇಳು. ತಣ್ಣಗಿರುವ ಎಂಜಿನ್ನು ಹೀಟರ್ ಹಿಡಿದು ಎಷ್ಟನೇ ಸೆಲ್ಫಿಗೆ ಏಳುತ್ತದೆ, ಎಂಥ ಬಣ್ಣದ ಹೊಗೆ ಬಿಡುತ್ತದೆ ಅನ್ನುವುದನ್ನು ನಾವೇ ನಿಂತು ನೋಡಬೇಕು.