‘ಹರಿ’ ಧಾತು: ಓಟದಿಂದ ಹರಿವಿನವರೆಗೆ

ಇಂಗ್ಲಿಷಿನ ‘ರನ್’ ಎಂಬ ಕ್ರಿಯಾಪದವು ಮನುಷ್ಯನ ಓಟಕ್ಕೂ ನದಿಯ ಹರಿವಿಗೂ ಇಂದಿಗೂ ಸಲ್ಲುತ್ತದೆ. ಹಳಗನ್ನಡದ ‘ಪರಿ’ ಧಾತುವಿಗೂ ಇಂಥದೇ ವ್ಯಾಪ್ತಿಯಿದ್ದಿತು. ಓಡು, ಹರಿ, ಮುಂದೆ ಸಾಗು ಎಂಬ ಅರ್ಥಗಳು ಅದರಲ್ಲಿ ಅಡಕವಾಗಿದ್ದವು. ತಮಿಳಿನ ‘ಪರಿ’ ಶಬ್ದಕ್ಕೆ ವೇಗ, ಕುದುರೆ ಎಂಬ ಅರ್ಥಗಳಿರುವುದನ್ನೂ ತೆಲುಗಿನ ‘ಪರುಗು’ ಓಟವನ್ನು ಸೂಚಿಸುವುದನ್ನೂ ಗಮನಿಸಿದರೆ, ಶೀಘ್ರಗತಿಯೇ ಈ ಧಾತುವಿನ ಪ್ರಾಚೀನ ಅರ್ಥಗಳಲ್ಲಿ ಮುಖ್ಯವಾದುದೆಂದು ತೋರುತ್ತದೆ.

ಪಕಾರವು ಹಕಾರವಾಗಿ ‘ಪರಿ’ಯು ‘ಹರಿ’ಯಾದ ಮೇಲೆ ಅರ್ಥವ್ಯಾಪ್ತಿಯು ಕ್ರಮೇಣ ಕುಗ್ಗಿತು. ಕಾಲ್ನಡೆಯ ವೇಗವನ್ನು ‘ಓಡು’ ವಹಿಸಿಕೊಂಡಿತು; ‘ಹರಿ’ಯು ನೀರಿಗೆ, ಸರೀಸೃಪಗಳಿಗೆ, ದೃಷ್ಟಿ ಮತ್ತು ಮನಸ್ಸುಗಳಿಗೆ ಉಳಿಯಿತು. ಐಹೊಳೆಯ ಬಳಿ ಮಲಪ್ರಭೆ ‘ಹರಿಯುತ್ತಾಳೆ’. ಅದರ ದಂಡೆಯ ಮೇಲಿನ ಹುಡುಗ ‘ಓಡುತ್ತಾನೆ’.

ಇಲ್ಲಿ ಇನ್ನೊಂದು ತೊಡಕುಂಟು. ಕತ್ತರಿಸು, ತುಂಡಾಗು ಎಂಬ ಅರ್ಥದ ‘ಪಱಿ’ ಬೇರೆಯೇ ಧಾತು. ಱಕಾರವು ರಕಾರದಲ್ಲಿ ಲೀನವಾದಾಗ ಇದೂ ‘ಹರಿ’ಯಾಯಿತು. ಹೀಗೆ ಎರಡು ಧಾತುಗಳು ಒಂದೇ ರೂಪವನ್ನು ತಳೆದವು.

ಐಹೊಳೆಯಿರುವ ಬಾಗಲಕೋಟೆ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದ ಗ್ರಾಮಗಳಲ್ಲಿ ಕಾರಹುಣ್ಣಿಮೆಗೆ ನಡೆಯುವ ‘ಕರಿ ಹರಿಯುವ’ ಆಚರಣೆ ಇದಕ್ಕೆ ಉತ್ತಮ ನಿದರ್ಶನ. ಸಿಂಗರಿಸಿದ ಎತ್ತುಗಳನ್ನು ಓಡಿಸಿ, ಅಡ್ಡಲಾಗಿ ಕಟ್ಟಿದ ಕರಿಯನ್ನು ಹರಿಯಿಸುತ್ತಾರೆ. ಮೊದಲು ಹರಿದ ಎತ್ತಿನ ಬಣ್ಣದಿಂದ ಮುಂಗಾರು, ಹಿಂಗಾರು ಬೆಳೆಗಳನ್ನು ಊಹಿಸುವುದೂ ಉಂಟು. ಓಟವೇ ಕಣ್ಣಿಗೆ ಎದ್ದು ಕಾಣುವುದರಿಂದ ಇಲ್ಲಿಯ ‘ಹರಿ’ಯನ್ನು ‘ಓಡು’ ಎಂದು ಭಾವಿಸುವ ಸಂಭವವಿದೆ. ಆದರೆ ‘ಕರಿ’ಯು ಕರ್ಮಪದವಾಗಿರುವುದರಿಂದ ಇದು ‘ಪಱಿ’ಯ ಸಂತತಿಯೆಂದೇ ತಿಳಿಯಬೇಕು. ಎತ್ತು ಓಡುತ್ತದೆ, ಕರಿ ತುಂಡಾಗುತ್ತದೆ. ಆಡುಮಾತು ಹೆಸರಿಸಿರುವುದು ಎರಡನೆಯ ಕ್ರಿಯೆಯನ್ನು.

ಈ ವಿವೇಚನೆ ಕೇವಲ ನಿಘಂಟಿನ ಕುತೂಹಲವಲ್ಲ. ‘ಕುದುರೆ ಪರಿದುದು’ ಎಂಬಂಥ ವಾಕ್ಯವನ್ನು ಹೊಸಗನ್ನಡದ ಕಿವಿಯಿಂದ ಕೇಳುವ ವಿದ್ಯಾರ್ಥಿಗೆ ಕುದುರೆ ಓಡುವುದೇ ಇಲ್ಲ. ಲಿಪಿಕಾರನು ಱಕಾರದ ಸ್ಥಾನದಲ್ಲಿ ರಕಾರವನ್ನು ಬರೆದಿದ್ದರೆ ಸಂಪಾದಕನೂ ಎಡವಬಹುದು. ಆದ್ದರಿಂದ ಹಳೆಯ ಪಠ್ಯದಲ್ಲಿ ‘ಪರಿ’ ಎದುರಾದಾಗ ಮೂರನ್ನು ಪರೀಕ್ಷಿಸುವುದು ಅವಶ್ಯ: ಅಕ್ಷರವು ರಕಾರವೋ ಱಕಾರವೋ, ಕರ್ಮಪದವಿದೆಯೋ ಇಲ್ಲವೋ, ಕರ್ತೃವು ಕಾಲುಳ್ಳದ್ದೋ ನೀರೋ. ಈ ಮೂರನ್ನು ತರಗತಿಯಲ್ಲಿ ಮೊದಲೇ ಹೇಳಿಕೊಟ್ಟರೆ ಹಳಗನ್ನಡ ಕಾವ್ಯದ ಅನೇಕ ಯುದ್ಧವರ್ಣನೆಗಳು ತಮ್ಮ ಸಹಜ ವೇಗವನ್ನು ಮರಳಿ ಪಡೆಯುತ್ತವೆ.